ಸಾಕ್ಷಿ ಹೇಳಲು ಏನೂ ಇಲ್ಲದವನ ಪ್ರಾರ್ಥನೆ

ಪ್ರಾರ್ಥಿಸಿದ್ದು ಸಿಗದೆ ಚರ್ಚ್ ಬಿಟ್ಟ ಒಬ್ಬನ ಕಥೆ ಇದು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಂಥದೇ ಸಂಕಟ ಹೊತ್ತ ಕ್ರೈಸ್ತ ವಿಶ್ವಾಸಿಗಳು ಮನಸ್ಸು ಬಿಚ್ಚಿ ಮಾತಾಡಲು ರಾಯಚೂರಿನಲ್ಲಿ ನನ್ನ ಬಳಿ ಮತ್ತೆ ಮತ್ತೆ ಬರುತ್ತಿದ್ದಾರೆ. ಅದಕ್ಕೇ ಈ ಬರಹ. ದೇವರು ತಮಗೆ ಮಾಡಿದ ಒಳಿತನ್ನು ಸಭೆಯಲ್ಲಿ ಎದ್ದು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ.

ಮಾನ್ವಿ ಕಡೆಯ ಹುಡುಗ. ಹುಡುಗ ಅಂದರೂ ವಯಸ್ಸು ಮೂವತ್ತೈದರ ಹತ್ತಿರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ ಸ್ವಲ್ಪ ಹೊಲ. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಸಾಲ. ಡಿಗ್ರಿ ಮುಗಿಸಿ ರಾಯಚೂರಿನಲ್ಲಿ ರೂಮು ಹಿಡಿದು ಸರ್ಕಾರಿ ನೌಕರಿಗೆ ಓದಿದ. ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಮಕ್ಕಳ ಆಸೆ ದೊಡ್ಡದಾಗಿದೆ. 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದ. ಅಕ್ರಮ ಬಯಲಾಗಿ ಮರುವರ್ಷ ಅದು ರದ್ದಾಯಿತು. ಉಳಿದವು ಒಂದೊಂದಾಗಿ ಕೈತಪ್ಪಿದವು. ನಿದ್ದೆ ಬಿಟ್ಟ, ಚರ್ಚ್ ಬಿಟ್ಟ. ತಾಯಿ ಕರೆದುಕೊಂಡು ಬಂದರು.

ಮೊದಲೆರಡು ಭೇಟಿಯಲ್ಲಿ ಅವನು ಹೆಚ್ಚು ಮಾತಾಡಲಿಲ್ಲ. ಮುಂದಿನ ಸಲ ಚರ್ಚ್ ಯಾಕೆ ಬಿಟ್ಟೆ ಎಂದು ಕೇಳಿದೆ.

‘ಭಾನುವಾರ ಸಾಕ್ಷಿ ಹೇಳ್ತಾರ್ರಿ ಮೇಡಂ. ಒಬ್ಬರಿಗೆ ನೌಕರಿ ಆತು, ಒಬ್ಬರಿಗೆ ಕೂಸು ಆತು. ನಾ ಎದ್ದು ನಿಂತು ಏನ್ ಹೇಳ್ಲಿ? ನನ್ನ ಪ್ರಾರ್ಥನಿ ದೇವರು ಕೇಳಿಲ್ಲ ಅನ್ಲೇನು?’

‘ಸಭೆಗೆ ಬೇಡ ತಮ್ಮಾ. ದೇವರಿಗೆ ಹೇಳೀಯೇನು?’

‘ದೇವರಿಗೆ ಹಂಗ ಹೆಂಗ ಅನ್ನೂದ್ರಿ? ಪಾಪ ಆಗಂಗಿಲ್ಲೇನು?’

ತಾಯಿ ತಂದಿದ್ದ ಬೈಬಲ್ ಕೊಟ್ಟು 13ನೇ ಕೀರ್ತನೆ ತೆಗೆ ಎಂದೆ. ಪುಟ ತಿರುವುವಾಗ ನಾಲ್ಕಾರು ಹಾಲ್‌ಟಿಕೆಟ್ ಜಾರಿ ಬಿದ್ದವು. ಪ್ರತಿ ಪರೀಕ್ಷೆಗೂ ಮುಂಚೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿಸಿದ್ದರಂತೆ. ಒಂದರಲ್ಲಿ ಅವನ ಫೋಟೊದ ಮೇಲೆಯೇ ಎಣ್ಣೆಯ ಕಲೆ ಇತ್ತು. ಅವನ್ನು ಆರಿಸಿ ಮಡಿಲಲ್ಲಿಟ್ಟುಕೊಂಡು ಜೋರಾಗಿ ಓದತೊಡಗಿದ. ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ದಾವೀದ ದೇವರನ್ನೇ ಕೇಳುವ ಕೀರ್ತನೆ ಅದು. ಎರಡನೇ ವಚನಕ್ಕೆ ನಿಂತುಬಿಟ್ಟ. ಆಮೇಲೆ 88ನೆಯದನ್ನು ಓದಿಸಿದೆ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ.

‘ಕೊನಿಗೆ ಸ್ತೋತ್ರನ ಇಲ್ಲಲ್ರಿ ಇದರಾಗ?’ ಅಂದ.

‘ಇಲ್ಲ. ಆದ್ರೂ ಇದು ಪ್ರಾರ್ಥನೇನ.’

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಕಡೆ ನೋಡದೆ, ‘ಸ್ವಾಮಿ, ಹತ್ತು ವರ್ಷ ನಿನ್ನ ಕೇಳಿದೆ. ಅವ್ವನ ಕಿವ್ಯಾಗಿನ್ವೂ ಹೋದ್ವು. ನೀ ಒಂದು ಮಾತೂ ಆಡಲಿಲ್ಲ’ ಅಂದ. ಬಾಗಿಲ ಬಳಿ ಕೂತಿದ್ದ ತಾಯಿ ಕೈ ಕಿವಿಗೆ ಹೋಯಿತು. ಇಬ್ಬರೂ ಅತ್ತರು. ನಾನು ತಡೆಯಲಿಲ್ಲ, ವಚನ ಹೇಳಿ ಸಮಾಧಾನ ಮಾಡುವ ಅವಸರವನ್ನೂ ಮಾಡಲಿಲ್ಲ.

ಮೂರು ಮಾತು ಹೇಳಿ ಕಳಿಸಿದೆ. ರಾತ್ರಿ ಮಲಗುವ ಮುಂಚೆ ಮನಸ್ಸಿನಲ್ಲಿ ಏನೂ ಉಳಿಸಿಕೊಳ್ಳದೆ ದೇವರಿಗೆ ಹೀಗೇ ಹೇಳು. ‘ಈ ವರ್ಷ ನೌಕರಿ ಖಾತ್ರಿ’ ಎಂದು ಯಾರೋ ನುಡಿದದ್ದು ಆ ಮನುಷ್ಯನ ಮಾತು. ಅದನ್ನು ದೇವರ ವಾಗ್ದಾನದ ಲೆಕ್ಕಕ್ಕೆ ಬರೆಯಬೇಡ. ಸಿಕ್ಕ ಕೆಲಸಕ್ಕೆ ಸೇರು, ಅದು ಸೋತಂತೆ ಅಲ್ಲ.

ದೇವರ ಮೇಲೆ ದೂರು ಹೇಳಲು ಕಲಿಸಿದಿರಿ ಎಂದು ಸಭೆಯ ಹಿರಿಯರೊಬ್ಬರು ಆಕ್ಷೇಪಿಸಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಕೈ ಯಾಕೆ ಬಿಟ್ಟೆ ಎಂದು ಶಿಲುಬೆಯ ಮೇಲಿಂದ ಯೇಸುವೇ ಕೂಗಿದ. ಅದು 22ನೇ ಕೀರ್ತನೆಯ ಮೊದಲ ಸಾಲು. ತನ್ನೊಳಗಿನ ಮುಳ್ಳು ತೆಗೆ ಎಂದು ಅಪೊಸ್ತಲ ಪೌಲ ಮೂರು ಸಲ ಬೇಡಿದರೂ ಮುಳ್ಳು ಉಳಿಯಿತು, ಕೃಪೆ ಸಿಕ್ಕಿತು. ಗ್ರಹಿಕೆಗೆ ಮೀರಿದ ದೇವಶಾಂತಿಯ ಬಗ್ಗೆ ಫಿಲಿಪ್ಪಿ ಊರಿನ ಸಭೆಯವರಿಗೆ ಅವನು ಬರೆದದ್ದು ಸೆರೆಯಲ್ಲಿದ್ದಾಗ. ಆ ಶಾಂತಿಯನ್ನು ಬಿಡುಗಡೆಯ ಜೊತೆ, ನೌಕರಿಯ ಜೊತೆ ಗಂಟು ಹಾಕಿದವರು ನಾವು. ಹೀಗೆ ಗಂಟು ಹಾಕಿ, ಬೇಡಿದ್ದು ಸಿಗದವರಿಗೆ ‘ನಿನ್ನ ವಿಶ್ವಾಸ ಸಾಲದು’ ಎಂದು ಬೇರೆ ಹೇಳುತ್ತೇವೆ. ಎಷ್ಟೋ ಮಂದಿ ಚರ್ಚ್ ಬಿಡುವುದು ಈ ಮಾತಿಗೇ. ದೇವರ ಮೇಲೆ ಸಿಟ್ಟಾದವರಿಗಿಂತ ಸಿಟ್ಟನ್ನು ಮುಚ್ಚಿಟ್ಟು ಸ್ತೋತ್ರ ಹಾಡುವವರ ಬಗ್ಗೆ ನನಗೆ ಹೆಚ್ಚು ಚಿಂತೆ.

ಈಗ ಅವನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ‘ನೋಟಿಫಿಕೇಶನ್ ನೋಡಿದ್ರ ಇನ್ನೂ ಎದಿ ಚುರ್ ಅಂತದ್ರಿ. ಆದ್ರ ಅವತ್ತೂ ನಿದ್ದಿ ಹತ್ತತದ’ ಅಂದ. ಚರ್ಚ್‌ಗೆ ಹೋಗುತ್ತಾನೆ, ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ಹೊರಗೆ ಬರುತ್ತಾನೆ. ಬರಲಿ ಬಿಡಿ ಎಂದು ತಾಯಿಗೆ ಹೇಳಿದ್ದೇನೆ.

ಸಾವು ಬೇಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ಮತ್ತೆ ಮಲಗಲೂ ಬಿಟ್ಟ. ದೇಹದ ಆರೈಕೆಯೂ ದೇವರ ಕೆಲಸವೇ ಎಂದು ನಂಬಿದವಳು ನಾನು. ಅದಕ್ಕೇ ಇವನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೂ ಕಳಿಸಿದೆ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ವೈದ್ಯರನ್ನು ಕಾಣಿ. ಬದುಕು ಸಾಕು ಅನ್ನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಈಗಲೇ ಕರೆ ಮಾಡಿ; ಹಗಲು ರಾತ್ರಿ ಯಾವಾಗಲೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.