ರೆಫ್ರಿ ಉತ್ತರ: ಗೆದ್ದ ಪಾಯಿಂಟು ಯಾರ ಸ್ವತ್ತು?

2021ರ ಡಿಸೆಂಬರ್ 26ರಂದು ಕೋಲ್ಕತ್ತದಲ್ಲಿ ದೇಶದ ಫುಟ್‌ಬಾಲ್ ಟೂರ್ನಿ ಐ-ಲೀಗ್ ಶುರುವಾದಾಗ ಬೆಂಗಳೂರಿನ ಹುಡುಗರಿಗೂ ಜೀವ ಬಂದಂತಾಗಿತ್ತು. ವಾರ ತುಂಬುವ ಮೊದಲೇ ಆಟಗಾರರಲ್ಲಿ ಕೊರೊನಾ ಸೋಂಕು ಕಾಣಿಸಿ ಲೀಗ್ ನಿಂತಿತು. ಆಮೇಲೆ ಕನಿಷ್ಠ ಆರು ವಾರ ಮುಂದಕ್ಕೆ ಹೋಯಿತು. 2022ರ ಜನವರಿಯಲ್ಲಿ ಇಲ್ಲಿ ನಮಗೂ ವಾರಾಂತ್ಯದ ಕರ್ಫ್ಯೂ ಬಂತು. ಹಾಗಾಗಿ ಆ ತಿಂಗಳು ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಇದೇ ವಿಷಯದ್ದು. ಇಪ್ಪತ್ತೆರಡು ವರ್ಷ ಬೆಂಗಳೂರಿನ ಕೆಳಗಿನ ಡಿವಿಷನ್‌ಗಳಲ್ಲಿ ವಿಷಲ್ ಊದಿದವನು ನಾನು. ಕಂಡದ್ದನ್ನೂ ಓದಿ ತಿಳಿದದ್ದನ್ನೂ ಸೇರಿಸಿ ಉತ್ತರಿಸಿದ್ದೇನೆ.

ಗೋವಾದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೀತಾ ಇದೆ, ಕೋಲ್ಕತ್ತದಲ್ಲಿ ಐ-ಲೀಗ್ ಮಾತ್ರ ನಿಂತಿತು. ಆಟಗಾರರನ್ನು ಹೊರಗಿನವರಿಂದ ದೂರ ಇಡುವ ಬಯೋಬಬಲ್ ಇಬ್ಬರಿಗೂ ಇತ್ತಲ್ಲ ಸರ್? — ಹುಬ್ಬಳ್ಳಿಯ ಓದುಗ

ಇತ್ತು. ಐಎಸ್‌ಎಲ್‌ನಲ್ಲೂ ಸೋಂಕು ನುಗ್ಗಿತು. 2022ರ ಜನವರಿ 8ರ ಎಟಿಕೆ ಮೋಹನ್ ಬಾಗಾನ್–ಒಡಿಶಾ ಪಂದ್ಯವನ್ನು ಮುಂದೂಡಿದರು. ಆದರೆ ಅಲ್ಲಿ ಒಂದು ಪಂದ್ಯ ತಪ್ಪಿದರೆ ಇನ್ನೊಂದು ದಿನಕ್ಕೆ ಹೊಂದಿಸುವಷ್ಟು ಹಣವಿತ್ತು. ತಿಂಗಳುಗಟ್ಟಲೆ ಹೋಟೆಲ್ ಇಟ್ಟುಕೊಳ್ಳುವ ಶಕ್ತಿಯಿತ್ತು. ಆ ಸಲದ ಐ-ಲೀಗಿನ 13 ತಂಡಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ವಾರದ ಖರ್ಚೂ ಲೆಕ್ಕದ್ದೇ ಆಗಿತ್ತು. ಅದಕ್ಕೂ ಕೆಳಗೆ ಇಳಿದರೆ ಬಬಲ್ ಎಂಬ ಮಾತೇ ಇಲ್ಲ. ನಮ್ಮ ಬಿ ಡಿವಿಷನ್ ಹುಡುಗ ಬೆಳಗ್ಗೆ ಕೊರಿಯರ್ ಹಂಚಿ, ಮಧ್ಯಾಹ್ನ ಮೂರಕ್ಕೆ ಬೂಟು ಕಟ್ಟುತ್ತಾನೆ. ಅವನನ್ನು ಯಾವ ಹೋಟೆಲಿನಲ್ಲಿ ಕೂಡಿಹಾಕುತ್ತೀರಿ? ಆದ್ದರಿಂದ ಮೇಲಿನ ಲೀಗ್ ಮರಳಿದ ಕ್ರಮವನ್ನು ಕೆಳಗಿನ ಲೀಗಿಗೆ ಹಾಗೇ ಹೊಲಿಯಲು ಆಗುವುದಿಲ್ಲ. ಅಳತೆಯೇ ಬೇರೆ.

ನಾನು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಸೌತ್ ಶೀಲ್ಡ್ಸ್ ಕ್ಲಬ್ಬಿನ ಪಂದ್ಯಗಳಿಗೆ ತಪ್ಪದೆ ಹೋಗುತ್ತೇನೆ. 2020ರಲ್ಲಿ ನಮ್ಮ ಪಾಯಿಂಟುಗಳನ್ನೆಲ್ಲ ಅಳಿಸಿಹಾಕಿದ್ದು ನ್ಯಾಯವೇ? — ದಕ್ಷಿಣ ಕನ್ನಡ ಮೂಲದ ಓದುಗ

ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಯಾಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ನಿಮ್ಮ ಊರಿನದಷ್ಟೇ ಪ್ರಶ್ನೆಯಲ್ಲ.

2020ರ ಮಾರ್ಚ್ 26ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಮೇಲಿನಿಂದ ಏಳನೇ ಹಂತ ಮತ್ತು ಅದರ ಕೆಳಗಿನ ಲೀಗುಗಳ ಇಡೀ ಋತುವನ್ನು ರದ್ದು ಮಾಡಿ, ಫಲಿತಾಂಶಗಳನ್ನೇ ದಾಖಲೆಯಿಂದ ತೆಗೆಯಿತು. ಆಗ ನಿಮ್ಮ ಸೌತ್ ಶೀಲ್ಡ್ಸ್ ತನ್ನ ವಿಭಾಗದಲ್ಲಿ 12 ಪಾಯಿಂಟ್ ಮುಂದೆ ಇತ್ತು. ಜರ್ಸಿ ದ್ವೀಪದ ಜರ್ಸಿ ಬುಲ್ಸ್ ತಂಡ ಲೀಗಿನಲ್ಲಿ ಆಡಿದ 27 ಪಂದ್ಯಗಳಲ್ಲಿ 27ನ್ನೂ ಗೆದ್ದಿತ್ತು. ಕಡಲು ದಾಟಿ ಹೋಗಿ ಆಡಿ ಗೆದ್ದ ಪಂದ್ಯಗಳು ಅವು. ಒಂದು ಪ್ರಕಟಣೆಯಲ್ಲಿ ಎಲ್ಲವೂ ಆಡದೇ ಇದ್ದಂತಾಯಿತು.

ಆಟ ನಿಲ್ಲಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಜನ ಸಾಯುತ್ತಿದ್ದರು, ನಿಲ್ಲಿಸಲೇಬೇಕಿತ್ತು. ಆದರೆ ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ. ನಾನು ಮಳೆಯಲ್ಲಿ ಎಷ್ಟೋ ಪಂದ್ಯ ಅರ್ಧಕ್ಕೆ ನಿಲ್ಲಿಸಿದ್ದೇನೆ. ಆದರೆ ಅದುವರೆಗೆ ಬಿದ್ದ ಗೋಲುಗಳನ್ನು ನನ್ನ ರಿಪೋರ್ಟಿನಲ್ಲಿ ಬರೆಯದೆ ಬಿಟ್ಟದ್ದಿಲ್ಲ.

ಅದೇ ಇಂಗ್ಲೆಂಡಿನಲ್ಲಿ ಮೇಲಿನ ಹಂತಗಳಲ್ಲಿ ಬೇರೆ ದಾರಿ ಹಿಡಿದರು. ಮೂರನೇ, ನಾಲ್ಕನೇ ಹಂತಗಳಾದ ಲೀಗ್ ಒನ್ ಮತ್ತು ಲೀಗ್ ಟೂಗಳಲ್ಲಿ 2020ರ ಜೂನ್‌ನಲ್ಲಿ, ಆಡಿದ ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟು ಎಂದು ಲೆಕ್ಕ ಹಾಕಿ ಟೇಬಲ್ ಮುಗಿಸಿದರು. ಇದೂ ನೋವಿಲ್ಲದ ದಾರಿಯಲ್ಲ. ಲೀಗ್ ಒನ್‌ನ ಟ್ರಾನ್‌ಮಿಯರ್ ರೋವರ್ಸ್ 34 ಪಂದ್ಯಗಳಲ್ಲಿ 32 ಪಾಯಿಂಟ್ ಪಡೆದಿತ್ತು, ಅಂದರೆ ಪಂದ್ಯಕ್ಕೆ 0.94. ಎಎಫ್‌ಸಿ ವಿಂಬಲ್ಡನ್ 35ರಲ್ಲಿ 35, ಸರಿಯಾಗಿ 1. ಒಂದು ಪಂದ್ಯ ಕಡಿಮೆ ಆಡಿದ್ದ, ಕೇವಲ ಮೂರು ಪಾಯಿಂಟು ಹಿಂದಿದ್ದ ಟ್ರಾನ್‌ಮಿಯರ್ ಕೆಳಗಿನ ಲೀಗಿಗೆ ಇಳಿಯಿತು. ಇತ್ತ ಎಂಟನೇ ಸ್ಥಾನದಲ್ಲಿದ್ದ ವೈಕೊಂಬ್ ಅದೇ ಲೆಕ್ಕದಲ್ಲಿ ಮೂರಕ್ಕೇರಿ, ಜುಲೈ 13ರಂದು ಬಡ್ತಿಗಾಗಿ ನಡೆಯುವ ಪ್ಲೇ-ಆಫ್ ಫೈನಲ್ ಗೆದ್ದು ಮೇಲಿನ ಲೀಗಿಗೆ ಹೋಯಿತು. ಸರಾಸರಿಗೆ ಕಣ್ಣಿಲ್ಲ. ಉಳಿದ ಪಂದ್ಯಗಳು ಯಾರ ಮೇಲಿದ್ದವು, ಸ್ವಂತ ಮೈದಾನದಲ್ಲೋ ಹೊರಗೋ ಎಂಬುದು ಅದಕ್ಕೆ ಕಾಣುವುದಿಲ್ಲ. ಆದರೂ ಆ ಲೆಕ್ಕ ಆಟಗಾರನ ಬೆವರನ್ನು ಎಣಿಸುತ್ತದೆ. ಅಳಿಸುವುದಕ್ಕಿಂತ ನೂರು ಪಾಲು ಮೇಲು.

ಜರ್ಮನಿಯ ಬವೇರಿಯಾದವರು ಮೂರನೆಯ ದಾರಿ ಹಿಡಿದರು. ನಿಂತಲ್ಲಿಂದಲೇ ಆಡೋಣ ಎಂದು 2019ರಲ್ಲಿ ಶುರುವಾದ ಋತುವನ್ನೇ ಎಳೆದರು. ಅಲ್ಲಿನ ಪ್ರಾದೇಶಿಕ ಲೀಗಿನ ದಾಖಲೆಯಲ್ಲಿ ಅದು 2019–21ರ ಒಂದೇ ಋತು. ಅವರಿಗೂ ಎರಡನೆಯ ಅಲೆ ಅಡ್ಡ ಬಂದು ಎಲ್ಲ ಪಂದ್ಯ ಮುಗಿಸಲಾಗಲಿಲ್ಲ. ಆದರೂ ಆ ಧೈರ್ಯ ನನಗೆ ಇಷ್ಟವಾಯಿತು.

ಇನ್ನು ನಿಮ್ಮ ಕಡೆ ಮುಂದೆ ಏನಾಯಿತು ನೋಡಿ. 2020–21ರ ಋತುವೂ ನಡುವೆ ನಿಂತಾಗ, ಕೆಳಹಂತಗಳನ್ನು ಹೊಸದಾಗಿ ಜೋಡಿಸಲು ಎರಡೂ ಋತುಗಳ ಪಾಯಿಂಟುಗಳನ್ನು ಕೂಡಿಸಿ ಸರಾಸರಿ ತೆಗೆದರು. ಅಳಿಸಿದ್ದ ಪಾಯಿಂಟುಗಳು ವಾಪಸ್ ಬೇಕಾದವು! ಜರ್ಸಿ ಬುಲ್ಸ್‌ಗೆ 2021ರಲ್ಲಿ ಬಡ್ತಿ ಸಿಕ್ಕಿತು. ನಿಮ್ಮ ಏಳನೇ ಹಂತಕ್ಕೆ ಆ ಭಾಗ್ಯ ಬರಲಿಲ್ಲ, ಸೌತ್ ಶೀಲ್ಡ್ಸ್ ಆಗ ಅದೇ ವಿಭಾಗದಲ್ಲೇ ಉಳಿಯಿತು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ.

ನಮ್ಮ ದೇಶದಲ್ಲಿ ಆಗ ಏನು ಮಾಡಿದರು? — ಮೈಸೂರಿನ ಓದುಗರು

2020ರಲ್ಲಿ ಐ-ಲೀಗ್ ಪ್ರಶಸ್ತಿಯ ಬಗ್ಗೆ ಜಗಳವೇ ಬರಲಿಲ್ಲ. ಮೋಹನ್ ಬಾಗಾನ್ ಮಾರ್ಚ್ 10ಕ್ಕೇ 16 ಪಂದ್ಯಗಳಲ್ಲಿ 39 ಪಾಯಿಂಟ್ ಗಳಿಸಿ ಗೆದ್ದಾಗಿತ್ತು. ಉಳಿದ 28 ಪಂದ್ಯ ರದ್ದಾದವು, ಯಾರನ್ನೂ ಕೆಳಗಿಳಿಸಲಿಲ್ಲ. ಎರಡನೇ ಡಿವಿಷನ್ ಮಾತ್ರ ಅರ್ಧಕ್ಕೆ ನಿಂತುಹೋಯಿತು. ಅದರ ಬದಲು ಅಕ್ಟೋಬರ್‌ನಲ್ಲಿ ಕೋಲ್ಕತ್ತ ಮತ್ತು ಕಲ್ಯಾಣಿಯಲ್ಲಿ ಐದು ತಂಡಗಳ ಅರ್ಹತಾ ಟೂರ್ನಿ ನಡೆಸಿದರು. ನಮ್ಮ ಎಫ್‌ಸಿ ಬೆಂಗಳೂರು ಯುನೈಟೆಡ್ ಕೂಡ ಇತ್ತು. ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದು ಮೇಲೇರಿತು. ಲಾಕ್‌ಡೌನ್ ಬಳಿಕ ದೇಶದಲ್ಲಿ ಚೆಂಡು ಉರುಳಿದ್ದು ಈ ಸಣ್ಣ ಟೂರ್ನಿಯಲ್ಲಿ, ಐಎಸ್‌ಎಲ್‌ಗಿಂತ ಮೊದಲು. ಇದನ್ನು ನೆನೆಯುವವರು ಕಡಿಮೆ. 2021ರ ಅಕ್ಟೋಬರ್‌ನಲ್ಲಿ ಅದೇ ಅರ್ಹತಾ ಟೂರ್ನಿ ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲೇ ನಡೆದು, ರಾಜಸ್ಥಾನ್ ಯುನೈಟೆಡ್ ಮೇಲಕ್ಕೆ ಹೋದದ್ದನ್ನು ನೀವು ನೋಡಿರಬಹುದು.

ಸರ್, ನಾನು ರೈಟ್ ಬ್ಯಾಕ್. ಎರಡು ಸಲ ಲೀಗ್ ಶುರುವಾಗುತ್ತೆ ಅಂತ ತಯಾರಾದೆ, ಎರಡು ಸಲವೂ ನಿಂತಿತು. ಈಗ ಓಡೋಕೆ ಮನಸ್ಸೇ ಬರ್ತಿಲ್ಲ. — ಬೆಂಗಳೂರು ಆಸ್ಟಿನ್ ಟೌನ್‌ನ 20ರ ಹುಡುಗ

ತಮ್ಮಾ, ನಿನ್ನ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಪ್ಪತ್ತರ ವಯಸ್ಸಿನಲ್ಲಿ ಎರಡು ವರ್ಷ ಅಂದರೆ ಎಷ್ಟು ಎಂಬುದು ನನಗೆ ಗೊತ್ತು.

ಒಂದು ಘಟನೆ ಹೇಳುತ್ತೇನೆ. 2020ರ ನವೆಂಬರ್‌ನಲ್ಲಿ ಎಂಟು ತಿಂಗಳ ಮೇಲೆ ಮೊದಲ ಸಲ ಒಂದು ಫ್ರೆಂಡ್ಲಿ ಪಂದ್ಯಕ್ಕೆ ನನ್ನನ್ನು ಕರೆದರು. ಹುಡುಗರ ಮುಖದಲ್ಲಿ ಹಬ್ಬ. ಶುರುವಾದ ಇಪ್ಪತ್ತು ನಿಮಿಷದಲ್ಲಿ ಮೂವರು ತೊಡೆಯ ಹಿಂಭಾಗ ಹಿಡಿದುಕೊಂಡು ಕೂತರು. ಮೂವರೂ ವೇಗದ ಆಟಗಾರರು. ಮನೆಯಲ್ಲಿ ದಂಡ, ಬೈಠಕ್ ಎಲ್ಲ ಮಾಡಿದ್ದರು, ಆದರೆ ಪೂರ್ತಿ ವೇಗದಲ್ಲಿ ಒಮ್ಮೆಯೂ ಓಡಿರಲಿಲ್ಲ. ನಾನು ಎರಡೂ ಕೋಚ್‌ಗಳನ್ನು ಕರೆದು, ಒಂದೊಂದು ಅರ್ಧ ಮೂವತ್ತೇ ನಿಮಿಷ ಎಂದು ಹೇಳಿಬಿಟ್ಟೆ.

ನಿನಗೆ ಬೇಕಾದದ್ದೂ ಅದೇ. ವಾರಕ್ಕೆ ಎರಡು ದಿನ, ಚೆನ್ನಾಗಿ ಮೈ ಬಿಸಿಯಾದ ಮೇಲೆ, ಮೂವತ್ತು ಮೀಟರ್ ಜೋರಾಗಿ ಓಡು. ಮೊದಲ ವಾರ ನಾಲ್ಕು ಸಲ ಸಾಕು, ಆಮೇಲೆ ಒಂದೊಂದೇ ಸೇರಿಸು. ಮಂಡಿ ಊರಿ, ತಮ್ಮನೋ ಗೆಳೆಯನೋ ನಿನ್ನ ಹಿಮ್ಮಡಿ ಒತ್ತಿ ಹಿಡಿದಿರಲಿ, ಮೈಯನ್ನು ನಿಧಾನವಾಗಿ ಮುಂದಕ್ಕೆ ಬಿಡು. ತೊಡೆಯ ಹಿಂಭಾಗಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನಾನು ಕಂಡಿಲ್ಲ. ಬೆಳಗ್ಗೆ ಆರಕ್ಕೆ ಗ್ರೌಂಡ್ ನಿನ್ನದೇ. ಮನಸ್ಸು ಬರದ ದಿನ ಓಡಬೇಡ, ಚೆಂಡು ತೆಗೆದುಕೊಂಡು ಗೋಡೆಗೆ ಹೊಡೆ. ಎಡಗಾಲಲ್ಲಿ ಹೊಡೆ. ಲೀಗ್ ಶುರುವಾದ ಮೇಲೆ ಎಡಗಾಲು ಕಲಿಯಲು ಯಾರಿಗೂ ಪುರಸೊತ್ತು ಇರುವುದಿಲ್ಲ.

ಮಗನಿಗೆ ಹೋದ ವಾರ ಕೊರೊನಾ ವಾಸಿಯಾಯಿತು. ನಾಳೆಯಿಂದಲೇ ಗ್ರೌಂಡಿಗೆ ಹೋಗುತ್ತೇನೆ ಅನ್ನುತ್ತಾನೆ. ಕಳಿಸಲೇ? — ಮಂಡ್ಯದ ಒಬ್ಬ ತಾಯಿ

ನಾಳೆಗೆ ಬೇಡಮ್ಮ. ನಾನು ಡಾಕ್ಟರಲ್ಲ, ಹಾಗಾಗಿ ಮೊದಲು ಡಾಕ್ಟರಿಗೆ ತೋರಿಸಿ. ಈ ಸೋಂಕು ಕೆಲವರಲ್ಲಿ ಹೃದಯದ ಸ್ನಾಯುವಿಗೂ ಬಾವು ತರುತ್ತದೆ. ಆ ಹೊತ್ತಿನಲ್ಲಿ ಜೋರು ಓಟ ಅಪಾಯ. ಎದೆನೋವು, ಎದೆಬಡಿತ, ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಬಚ್ಚಿಡದೆ ಹೇಳು ಎಂದು ಅವನಿಗೆ ಹೇಳಿ. ಡಾಕ್ಟರು ಸರಿ ಎಂದಮೇಲೆ ಮೊದಲು ನಡಿಗೆ, ನಂತರ ಮೆಲ್ಲಗೆ ಓಟ, ಪಂದ್ಯ ಎಲ್ಲಕ್ಕಿಂತ ಕೊನೆಗೆ. ಹುಡುಗರು ಟೀಮಿನಲ್ಲಿ ಜಾಗ ಹೋಗುತ್ತದೆಂದು ಸುಳ್ಳು ಹೇಳುತ್ತಾರೆ. ಬೇಕಿದ್ದರೆ ಅವನ ಕೋಚ್‌ಗೆ ನೀವೇ ಫೋನ್ ಮಾಡಿ.

ಪ್ರೇಕ್ಷಕರಿಲ್ಲದೆ ಸಣ್ಣ ಕ್ಲಬ್ ಬದುಕುವುದು ಹೇಗೆ? — ಶಿವಮೊಗ್ಗ

ಲಿವರ್‌ಪೂಲ್ ಹತ್ತಿರದ ಮರೀನ್ ಎಂಬ ಎಂಟನೇ ಹಂತದ ಕ್ಲಬ್ಬಿಗೆ 2021ರ ಜನವರಿ 10ರಂದು ದೊಡ್ಡ ಸಣ್ಣ ಕ್ಲಬ್ಬುಗಳೆಲ್ಲ ಆಡುವ ಎಫ್‌ಎ ಕಪ್‌ನಲ್ಲಿ ಮೇಲ್ಹಂತದ ಟಾಟೆನ್‌ಹ್ಯಾಮ್ ಎದುರಾಳಿಯಾಗಿ ಬಂತು. ಒಳಗೆ ಯಾರನ್ನೂ ಬಿಡುವಂತಿರಲಿಲ್ಲ. ಅವರು 10 ಪೌಂಡಿನ, ಕೂರಲು ಕುರ್ಚಿಯೇ ಇಲ್ಲದ ಟಿಕೆಟ್ ಮಾರಿದರು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೊಂಡರು. ಪಂದ್ಯ 0–5ರಿಂದ ಸೋತರು, ಕ್ಲಬ್ ಉಳಿಯಿತು. ನಿಮ್ಮ ಕ್ಲಬ್ಬಿನ ಹಳೆಯ ಆಟಗಾರರ ಪಟ್ಟಿ ಮಾಡಿ, ದುಬೈಯಲ್ಲಿರುವವರನ್ನೂ ಬಿಡದೆ ನೆರವು ಕೇಳಿ.

ಕರ್ಫ್ಯೂ ತೆಗೆದ ಮೇಲೆ ನಮ್ಮ ತಾಲ್ಲೂಕಿನ ಹನ್ನೆರಡು ತಂಡಗಳ ಲೀಗ್ ಮತ್ತೆ ನಡೆಸಬೇಕೆಂದಿದ್ದೇವೆ. ನಿಮ್ಮ ಸಲಹೆ? — ಕ್ಲಬ್ ಸೆಕ್ರೆಟರಿ, ಕೋಲಾರ ಜಿಲ್ಲೆ

ಮೊದಲು ಪೆನ್ನು ತೆಗೆದುಕೊಳ್ಳಿ, ಚೆಂಡು ಆಮೇಲೆ. ಲೀಗ್ ನಡುವೆ ನಿಂತರೆ ಏನು ಎಂಬುದನ್ನು ಮೊದಲ ಪಂದ್ಯಕ್ಕೆ ಮುಂಚೆಯೇ ಬರೆದು, ಹನ್ನೆರಡೂ ಕ್ಲಬ್ಬುಗಳ ಸಹಿ ಹಾಕಿಸಿ. ಪ್ರತಿ ತಂಡವೂ ಅರ್ಧಕ್ಕಿಂತ ಹೆಚ್ಚು ಪಂದ್ಯ ಆಡಿದ್ದರೆ ಸರಾಸರಿ ಲೆಕ್ಕ. ಕಡಿಮೆಯಾದರೆ ಪಾಯಿಂಟು ಹಾಗೇ ಇಟ್ಟು ಮುಂದೆ ಅಲ್ಲಿಂದಲೇ ಶುರು. ನೀವು ಬೇರೆ ರೀತಿ ಬರೆದುಕೊಂಡರೂ ಸರಿಯೇ, ಅಳಿಸುವ ಮಾತು ಮಾತ್ರ ಬೇಡ. ಟೇಬಲ್ ಕಣ್ಣೆದುರಿಗಿದ್ದಾಗ ನಿಯಮ ಮಾಡಲು ಕೂತರೆ ಪ್ರತಿಯೊಬ್ಬನೂ ತನ್ನ ತಂಡದ ಕಡೆಯಿಂದಲೇ ನೋಡುತ್ತಾನೆ. ಹಿಂದೊಮ್ಮೆ ನಾನು ರೆಫ್ರಿಯಾಗಿದ್ದ ಟೂರ್ನಿಯೊಂದು ಮಳೆಯಿಂದ ನಿಂತಿತು. ಯಾರು ಗೆದ್ದರೆಂಬುದು ರಾತ್ರಿ ಒಂದು ಕೋಣೆಯಲ್ಲಿ ತೀರ್ಮಾನವಾಯಿತು. ಟೇಬಲ್‌ನಲ್ಲಿ ಮುಂದಿದ್ದ ತಂಡದ ಗೋಲ್‌ಕೀಪರ್ ಮರುದಿನ ಬಂದು, 'ಸಾರ್, ನೀವು ಬರೆದ ರಿಪೋರ್ಟ್ ಎಲ್ಲಿ ಹೋಯ್ತು?' ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಆ ಹುಡುಗ ಮುಂದೆ ಆಡಲೇ ಇಲ್ಲ.

ಎರಡು ಸುತ್ತಿನ ಆಸೆ ಬಿಡಿ, ಈ ವರ್ಷ ಒಂದೇ ಸುತ್ತು ಸಾಕು. ತಂಡಕ್ಕೆ ಹನ್ನೊಂದು ಪಂದ್ಯ. ಯಾರನ್ನೂ ಕೆಳಗಿಳಿಸಬೇಡಿ, ಆದರೆ ಗೆದ್ದವರಿಗೆ ಬಡ್ತಿ ಇರಲಿ. ಅದಿಲ್ಲದಿದ್ದರೆ ಆಡುವುದೇತಕ್ಕೆ? ತಾರೀಕು ಹೇಳಿದ ದಿನಕ್ಕೂ ಮೊದಲ ಪಂದ್ಯಕ್ಕೂ ನಡುವೆ ಕನಿಷ್ಠ ನಾಲ್ಕು ವಾರ ಕೊಡಿ. ಒಂದು ತಂಡ ವಾರಕ್ಕೆ ಒಂದೇ ಪಂದ್ಯ ಆಡಲಿ. ಐದು ಬದಲಿ ಆಟಗಾರರ ಅವಕಾಶ ಖಂಡಿತ ಬಳಸಿ. 2020ರ ಮೇ ತಿಂಗಳಲ್ಲಿ ನಿಯಮ ಮಂಡಳಿ ಇದನ್ನು ತಂದದ್ದೇ ಇಂಥ ದಣಿದ ಕಾಲುಗಳಿಗಾಗಿ.

ಡ್ರೆಸ್ಸಿಂಗ್ ರೂಮ್ ಮುಚ್ಚಿಬಿಡಿ, ಮರದಡಿ ಬಟ್ಟೆ ಬದಲಿಸಲಿ. ನೀರಿನ ಬಾಟ್ಲಿಗೆ ಪ್ಲಾಸ್ಟರ್ ಅಂಟಿಸಿ ಹೆಸರು ಬರೆಯಿರಿ. ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿಗೆ ಹೋಗುವ ಬಾಟ್ಲಿಯಿಂದ ನಮ್ಮ ಹುಡುಗರನ್ನು ಬಿಡಿಸುವುದು ಬಹಳ ಕಷ್ಟ. ಜ್ವರ ಬಂದ ಹುಡುಗನಿಗೆ ಜಾಗ ಕಾದಿರುತ್ತದೆ ಎಂದು ಕೋಚ್ ಎಲ್ಲರೆದುರು ಹೇಳಲಿ, ಆಗ ಮಾತ್ರ ಅವನು ಜ್ವರವನ್ನು ಮುಚ್ಚಿಡುವುದಿಲ್ಲ. ಸೋಂಕಿನಿಂದ ಒಂದು ತಂಡ ಹನ್ನೊಂದು ಜನರನ್ನು ಹೊಂದಿಸಲಾಗದಿದ್ದರೆ ಎದುರಾಳಿಗೆ ಮೂರು ಪಾಯಿಂಟು ಕೊಟ್ಟುಬಿಡಬೇಡಿ, ಪಂದ್ಯ ಮುಂದೂಡಿ. ಕೊನೆಯಲ್ಲಿ ಅದಕ್ಕೆಂದೇ ಎರಡು ವಾರ ಖಾಲಿ ಇಟ್ಟಿರಿ.

ರೆಫ್ರಿಗಳ ಫೀಸ್ ಅದೇ ದಿನ ಕೈಗೆ ಕೊಡಿ. ಎರಡು ವರ್ಷ ಅವರಿಗೂ ಪಂದ್ಯವಿರಲಿಲ್ಲ. ನನ್ನ ಜೊತೆ ಲೈನ್ಸ್‌ಮನ್ ಆಗಿದ್ದವನೊಬ್ಬ ಈಗ ಆಟೊ ಓಡಿಸುತ್ತಿದ್ದಾನೆ, ಫ್ಲ್ಯಾಗ್ ಮಾತ್ರ ಇನ್ನೂ ಸೀಟಿನ ಕೆಳಗೇ ಇದೆ. ನಿಮ್ಮ ಲೀಗಿಗೆ ಜನ ಬೇಕಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ಅವನನ್ನು ಕರೆದುಕೊಂಡು ನಾನೇ ಬರುತ್ತೇನೆ.