ಶುಗರ್ ಗುಳಿಗೆಯಿಂದ ರೋಗನಿರೋಧಕ ಶಕ್ತಿ ಹೋಗುತ್ತದೆಯೇ? ಮತ್ತದೇ ಪ್ರಶ್ನೆ

ಪ್ರಶ್ನೆ: ಸರ, ಶುಗರ್‌ಗೆ ಸಿಟಾಗ್ಲಿಪ್ಟಿನ್ ಗುಳಿಗಿ ತಗೋತಿದ್ದೆರಿ. ಅದು ಬಂದ್ ಮಾಡೋ ಡಿಪಿಪಿ-4 ನಮ್ಮ ಮೈ ಕಾಯೋ ಕಣದ ಮ್ಯಾಲೂ ಇರ್ತದಂತ, ಗುಳಿಗಿ ನುಂಗಿದ್ರ ರೋಗ ತಡಿಯೋ ತಾಕತ್ ಹೋಗ್ತದಂತ ಮಗ ಮೊಬೈಲ್‌ನಾಗ ತೋರಿಸ್ಯಾನ. ಹದಿನೈದು ದಿನ ಆತು, ಬಿಟ್ಟೀನ್ರಿ. ಬರೋಬರಿ ಮಾಡೀನೇನ್ರಿ?
— ಆಳಂದದ ಓದುಗರು

ಉತ್ತರ: ಇಲ್ಲ. ನಾಳೆಯೇ ಶುಗರ್ ನೋಡಿಸಿ, ಗುಳಿಗೆ ಬರೆದ ಡಾಕ್ಟರನ್ನು ಕಾಣಿ. ಈ ಪ್ರಶ್ನೆ ಬರದ ವಾರವಿಲ್ಲ, ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮಗ ತೋರಿಸಿದ್ದರಲ್ಲಿ ಅರ್ಧ ನಿಜ, ತೊಂದರೆ ಇರುವುದೇ ಅಲ್ಲಿ. ಡಿಪಿಪಿ-4, ಮೈ ಕಾಯುವ ಬಿಳಿ ರಕ್ತಕಣವಾದ ಟಿ ಕೋಶದ ಹೊರಮೈಯ ಸಿಡಿ26 ಎರಡೂ ಒಂದೇ ಪ್ರೋಟೀನ್. ಅದರ ಒಂದು ಕೆಲಸ ಕತ್ತರಿಸುವುದು. ಪ್ರೋಟೀನು ಅಮೈನೋ ಆಮ್ಲಗಳ ಸರಪಳಿ; ಅದರ ಎರಡನೇ ಜಾಗದಲ್ಲಿ ಪ್ರೋಲಿನ್ ಅಥವಾ ಅಲನಿನ್ ಕಂಡರೆ ಮೊದಲ ಎರಡು ಅಮೈನೋ ಆಮ್ಲ ತುಂಡರಿಸುತ್ತದೆ. ಜಿಎಲ್‌ಪಿ-1 ಎಂಬ ಶುಗರ್ ಇಳಿಸುವ ಹಾರ್ಮೋನು ಒಂದೆರಡು ನಿಮಿಷದಲ್ಲಿ ಅರ್ಧಕ್ಕಿಳಿಯುವುದು ಹೀಗೆ. ಬಿಳಿ ರಕ್ತಕಣಗಳನ್ನು ಕರೆಯುವ ಸಿಎಕ್ಸ್‌ಸಿಎಲ್10 ಎಂಬ ಸಂದೇಶದ ಪ್ರೋಟೀನ್ ಕೂಡ ಇದಕ್ಕೆ ಸಿಗುತ್ತದೆ. ತುದಿ ಹೋದ ಮೇಲೆ ಅದು ಕಣದ ಮೇಲಿನ ಗ್ರಾಹಕಕ್ಕೆ (ರಿಸೆಪ್ಟರ್) ಅಂಟೀತು, ಕಣವನ್ನು ಎಬ್ಬಿಸಲಾರದು. ಅಂದರೆ ಗುಳಿಗೆ ಕತ್ತರಿಸುವುದನ್ನು ತಡೆದರೆ ಈ ಸಂದೇಶ ಸಾಯುವುದಿಲ್ಲ, ಇನ್ನಷ್ಟು ಹೊತ್ತು ಉಳಿಯುತ್ತದೆ. ವಿಡಿಯೋದ ಪಂಡಿತರು ಹೇಳಿದ್ದಕ್ಕೆ ಪೂರಾ ಉಲ್ಟಾ!

ಎರಡನೇ ಕೆಲಸ ಹಿಡಿದುಕೊಳ್ಳುವುದು. ಟಿ ಕೋಶವನ್ನು ತಣ್ಣಗಾಗಿಸುವ ಅಡಿನೋಸಿನ್ ಎಂಬ ಅಣುವಿದೆ. ಅದನ್ನು ಮುರಿಯುವ ಅಡಿನೋಸಿನ್ ಡಿಅಮಿನೇಸ್ ಕಿಣ್ವವನ್ನು ಸಿಡಿ26 ತನ್ನ ಮೈಗೆ ಅಂಟಿಸಿಕೊಂಡಿರುತ್ತದೆ, ಬೇರೆಯೇ ಜಾಗದಲ್ಲಿ. ಅಡಕತ್ತರಿಯ ಅಲಗಿನ ನಡುವೆ ಕಡ್ಡಿ ಸಿಕ್ಕಿಸಿದರೆ ಅಡಿಕೆ ಹೋಳಾಗದು, ಹಿಡಿಕೆಗೇನೂ ಆಗುವುದಿಲ್ಲ. ಗ್ಲಿಪ್ಟಿನ್, ಅಂದರೆ ನಿಮ್ಮ ಗುಳಿಗೆಯಂಥವು, ಕೂರುವುದು ಅಲಗಿನಲ್ಲಿ.

ಆರಂಭದ ವಿಶ್ಲೇಷಣೆಗಳಲ್ಲಿ ನೆಗಡಿ, ಗಂಟಲುನೋವು ತುಸು ಹೆಚ್ಚು ಕಂಡಿದ್ದು ಹೌದು. ಆಮೇಲೆ 2015ರಲ್ಲಿ ಬಂದ, ಇದೇ ಗುಳಿಗೆಯ ಟೆಕೋಸ್ ಅಧ್ಯಯನದಲ್ಲಿ 14,600ಕ್ಕೂ ಹೆಚ್ಚು ಜನರನ್ನು ಸುಮಾರು ಮೂರು ವರ್ಷ ನೋಡಿದಾಗ ಸೋಂಕು ಹೆಚ್ಚಲಿಲ್ಲ. ನನಗೆ ಇರುವ ಅಂಜಿಕೆ ಬೇರೆ: ಮೇದೋಜ್ಜೀರಕದ ಉರಿಯೂತ, ವಿಪರೀತ ಕೀಲುನೋವು, ಅಪರೂಪಕ್ಕೆ ಚರ್ಮದ ಮೇಲೆ ನೀರುಗುಳ್ಳೆ. ಮೇದೋಜ್ಜೀರಕ ಒಮ್ಮೆ ಕೆಟ್ಟಿದ್ದವರಿಗೆ ನಾನಂತೂ ಇದನ್ನು ಬರೆಯುವುದಿಲ್ಲ. ಇದನ್ನು ಯಾವ ವಿಡಿಯೋ ಹೇಳಿತು?

ರೋಗ ತಡೆಯುವ ತಾಕತ್ತು ನಿಜವಾಗಿ ಹಾಳಾಗುವುದು ಏರಿದ ಶುಗರ್‌ನಿಂದ. ಸೋಂಕಿನ ಮೇಲೆ ಬೀಳುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಮಂದವಾಗುತ್ತವೆ. 2021ರ ಕಪ್ಪು ಶಿಲೀಂಧ್ರ ಯಾರನ್ನು ಹೆಚ್ಚು ಹಿಡಿಯಿತು ಮರೆತಿರಾ? ಶರಣಬಸವೇಶ್ವರ ಜಾತ್ರೆಗೆ ಬರಿಗಾಲಲ್ಲಿ ನಡೆದು, ಬೊಬ್ಬೆ ಎದ್ದದ್ದೂ ತಿಳಿಯದೆ ಪಾದ ಕೊಳೆಸಿಕೊಂಡು ಬರುವವರ ಬಳಿ ಕೇಳಿ ನೋಡಿ, ಗುಳಿಗೆ ಬಿಟ್ಟಿರುತ್ತಾರೆ.

ಹುಮನಾಬಾದ್: ದಿನಾ ಅಮೃತಬಳ್ಳಿ ರಸ ಕುಡಿಯಬಹುದೇ?
ಬೇಡ. ಲಿವರ್ ಕೆಡಿಸಿಕೊಂಡವರ ವರದಿಗಳಿವೆ.

ಯಾದಗಿರಿ: ಸಿಡಿ26 ರಕ್ತಪರೀಕ್ಷೆ ಮಾಡಿಸಲೇ?
ರೊಕ್ಕ ದಂಡ.

ಸುರಪುರ: ಉಸಿರಾಟದ ರೋಗ ತರುವ ಮರ್ಸ್ ವೈರಸ್ ಡಿಪಿಪಿ-4 ಹಿಡಿದೇ ಒಳಬರುತ್ತದಂತೆ. ಗುಳಿಗೆ ತಿಂದರೆ ಅದನ್ನು ತಡೆಯಬಹುದಲ್ಲವೇ?
ಆಗದು. ವೈರಸ್ ಹಿಡಿಯುವುದೂ ಅಲಗನ್ನಲ್ಲ.