ಪ್ರತಿಕ್ರಿಯೆ: ವಿಜಯಪುರದ ಮಾವನಿಗೆ ಕಾರಿನ ಜಿಪಿಎಸ್ ಯಾವುದು ಕೊಡಿಸಲಿ?

ಫೋನಿನ ಮ್ಯಾಪ್ ನೋಡಿದರೆ ಮಾವನಿಗೆ ಗೊಂದಲ, ಅದಕ್ಕೆ ಕಾರಿಗೆ ದಾರಿ ತೋರಿಸುವ ಜಿಪಿಎಸ್ ಪೆಟ್ಟಿಗೆ ಯಾವುದು ಕೊಡಿಸಲಿ ಅಂತ ಕೇಳಿದ್ದೀರಿ. ಆ ಗೊಂದಲಕ್ಕೆ ಕಾರಣ ಬಹುಶಃ ಮ್ಯಾಪಿನ ಇಂಗ್ಲಿಷ್ ದನಿ, ಜೊತೆಗೆ ಪ್ರತಿ ಸಲ ಊರಿನ ಹೆಸರು ಟೈಪ್ ಮಾಡುವ ಕಾಟ. ಬೇರೆ ಜಿಪಿಎಸ್ ಪೆಟ್ಟಿಗೆ ಕೊಡಿಸಿದರೂ ಟೈಪ್ ಮಾಡುವುದು ಪೂರ್ತಿ ತಪ್ಪುವುದಿಲ್ಲ, ಮ್ಯಾಪ್ ಅಪ್‌ಡೇಟ್ ಮಾಡುವ ಕೆಲಸ ಜಾಸ್ತಿ ಅಷ್ಟೇ.

ನಮ್ಮಪ್ಪನಿಗೆ ನಾನು ಹೀಗೆ ಮಾಡಿಕೊಟ್ಟೆ. ದೊಡ್ಡ ಪರದೆಯ ಸಾಧಾರಣ ಆಂಡ್ರಾಯ್ಡ್ ಫೋನ್ ಒಂದನ್ನು ಕಾರಿಗೇ ಮೀಸಲಿಡಿ. ಗೂಗಲ್ ಮ್ಯಾಪ್ಸ್ ಸೆಟ್ಟಿಂಗ್ಸ್‌ನಲ್ಲಿ ದನಿಯನ್ನು ಕನ್ನಡಕ್ಕೆ ಬದಲಿಸಿ. ಆಮೇಲೆ ಅವರು ಹೋಗುವ ಜಾಗಗಳನ್ನು ಮ್ಯಾಪಿನಲ್ಲಿ ಒತ್ತಿ ಹಿಡಿದು, ‘ಬಾಗಲಕೋಟೆ ಅಕ್ಕನ ಮನೆ’, ‘ಸಿಂದಗಿ ಹೊಲ’ ಅಂತ ಅವರ ಬಾಯಲ್ಲಿ ಬರುವ ಹೆಸರಲ್ಲೇ ಲೇಬಲ್ ಹಾಕಿ ಉಳಿಸಿ. ಸುತ್ತಲಿನ ಜಿಲ್ಲೆಗಳ ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ, ನೆಟ್‌ವರ್ಕ್ ಹೋದರೂ ದಾರಿ ತೋರಿಸುತ್ತದೆ, ಟ್ರಾಫಿಕ್ ಮಾತ್ರ ಕಾಣುವುದಿಲ್ಲ. ಹೋಲ್ಡರನ್ನು ಎಸಿ ಕಿಂಡಿಗೆ ಸಿಕ್ಕಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನ್ ಕಾದು ಪರದೆ ಮಂಕಾಗುತ್ತದೆ.

ಕಾರಲ್ಲಿ ಆಂಡ್ರಾಯ್ಡ್ ಆಟೋ, ಅಂದರೆ ಆಂಡ್ರಾಯ್ಡ್ ಫೋನಿನ ಮ್ಯಾಪನ್ನು ಕಾರಿನ ಪರದೆಯಲ್ಲೇ ತೋರಿಸುವ ವ್ಯವಸ್ಥೆ, ಇದೆಯಾ ಅಂತ ನೀವು ಬರೆದಿಲ್ಲ. ಅದು ಇದ್ದು, ಮಾವನ ಫೋನ್ ಆಂಡ್ರಾಯ್ಡ್ ಆಗಿದ್ದರೆ ಹೊಸ ಫೋನೂ ಬೇಡ, ಒಂದು ಒಳ್ಳೆ ಕೇಬಲ್ ಸಾಕು. ಕೊಟ್ಟ ದಿನ ಪಕ್ಕ ಕೂತು ಒಂದು ಸುತ್ತು ಹೋಗಿ ಬನ್ನಿ, ಬಟನ್ ಮಾತ್ರ ಅವರೇ ಒತ್ತಲಿ.